ನರಕದ ಟೀಚರ್

ಆ ಹೆಸರಿಟ್ಟವರು ಮಕ್ಕಳು. ವಾರವೆಲ್ಲ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವ ಆ ಹೆಂಗಸು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ, ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ದೊಡ್ಡವರ ಬಾಯಲ್ಲಿ ಅವರು ಟೀಚರಮ್ಮ. ಮಕ್ಕಳ ಬಾಯಲ್ಲಿ, ಅದೂ ಅವರು ಬೋರ್ಡಿನ ಕಡೆ ತಿರುಗಿದ ಮೇಲೆ, ನರಕದ ಟೀಚರ್. ಟೀಚರಮ್ಮನಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿಯೇ ಗೊತ್ತಿತ್ತು. ಕೇಳಿಸಿಯೂ ಕೇಳಿಸದವರಂತೆ ಇರುತ್ತಿದ್ದರು, ಒಳಗೊಳಗೇ ಚೂರು ಹೆಮ್ಮೆಯೂ ಪಡುತ್ತಿದ್ದರು.

ಹೆಸರು ಬಂದದ್ದು ಮೇಣದಬತ್ತಿಯ ಪಾಠದಿಂದ. ಮೊದಲ ಪಾಪನಿವೇದನೆಗೆ ಮುಂಚಿನ ಭಾನುವಾರ ಅವರು ಮೇಜಿನ ಮೇಲೆ ಒಂದು ಮೇಣದಬತ್ತಿ ಹಚ್ಚಿಟ್ಟು ಮಕ್ಕಳನ್ನು ಸಾಲಾಗಿ ಕರೆಯುತ್ತಿದ್ದರು. ಒಬ್ಬೊಬ್ಬರೂ ಜ್ವಾಲೆಯ ಹತ್ತಿರ ಬೆರಳು ಹಿಡಿಯಬೇಕು. ಎಲ್ಲರೂ 'ಸ್' ಎಂದು ಕೈ ಎಳೆದುಕೊಂಡ ಮೇಲೆ ಟೀಚರಮ್ಮ ಕೇಳುತ್ತಿದ್ದರು: "ಎಷ್ಟು ಹೊತ್ತು ಹಿಡಿಯೋಕಾಯ್ತು? ಇದು ಬರೀ ಮೇಣದಬತ್ತಿ. ಅಲ್ಲಿರೋ ಬೆಂಕಿ ಇಂಥದ್ದಲ್ಲ. ಅಲ್ಲಿ ಕೈ ಹಿಂದಕ್ಕೆ ಎಳ್ಕೊಳ್ಳೋಕೂ ಆಗಲ್ಲ. ಅಲ್ಲಿಗೆ ಹೋದವರು ಯಾರೂ ವಾಪಸ್ ಬರಲ್ಲ." ಆಮೇಲೆ ತಮ್ಮ ಎಡಗೈಯ ತೋರುಬೆರಳನ್ನು ತಾವೇ ಜ್ವಾಲೆಗೆ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನಿಲ್ಲುತ್ತಿದ್ದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ಒಳಗಿನ ಗುಟ್ಟು ಇಷ್ಟೇ: ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಆ ಬೆರಳ ತುದಿ ಜಡ್ಡುಗಟ್ಟಿ ಚಪ್ಪಲಿಯ ಅಟ್ಟೆಯಂತಾಗಿತ್ತು. ಸುಳ್ಳು ಹೇಳಬಾರದು ಎಂಬ ಪಾಠ ಮಾಡುವಾಗ ಟೀಚರಮ್ಮನಿಗೆ ಈ ಬೆರಳಿನ ನೆನಪು ಯಾಕೋ ಬರುತ್ತಿರಲಿಲ್ಲ.

ಇದೇ ಮಕ್ಕಳು ಪರಮಪ್ರಸಾದದ ದಿನ ತೊಡುವ ಬಿಳಿ ಉಡುಪುಗಳನ್ನು ಹೊಲಿಯುತ್ತಿದ್ದವರೂ ಅವರೇ. ಭಾನುವಾರ ಹೆದರಿಸಿದ ಮಗುವನ್ನೇ ಸೋಮವಾರ ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, "ನೆಟ್ಟಗೆ ನಿಲ್ಲೇ ನನ್ನಮ್ಮಾ, ಅಂಚು ಡೊಂಕಾಗುತ್ತೆ" ಎಂದು ಮುದ್ದು ಮಾಡಿ ಅಳತೆ ತೆಗೆಯುತ್ತಿದ್ದರು. ಅವರ ಲೆಕ್ಕದಲ್ಲಿ ಎರಡೂ ಒಂದೇ ಕೆಲಸ. ಮಗು ಚೊಕ್ಕಟವಾಗಿ ದೇವರ ಮುಂದೆ ಹೋಗಬೇಕು, ಅಷ್ಟೇ.

ಗಂಡ ವೆಲ್ಡರ್. ಗೇಟು, ಕಿಟಕಿಯ ಸರಳು, ಮುರಿದ ಸೈಕಲ್ಲಿನ ಚೌಕಟ್ಟು, ಏನೇ ತಂದುಕೊಟ್ಟರೂ ಬೆಸೆದು ಕೊಡುತ್ತಿದ್ದ. ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಹೆಂಡತಿಯ ಮೇಣದಬತ್ತಿಯ ಪಾಠ ಕೇಳಿದಾಗಲೆಲ್ಲ ಅವನಿಗೆ ನಗು.

"ಏ ಟೀಚರ್, ನಿನ್ನ ನರಕದಲ್ಲಿ ನಂಗೆ ಕೆಲಸ ಗ್ಯಾರಂಟಿ ಬಿಡು. ಬೆಂಕಿ ಹತ್ರ ಕೆಲಸ ಮಾಡಿ ಅನುಭವ ಇರೋರು ಅವರಿಗೂ ಬೇಕಲ್ಲ," ಎನ್ನುತ್ತಿದ್ದ.

"ಥೂ, ಬಾಯಿ ಮುಚ್ರೀ. ಆಡಿದ್ದೆಲ್ಲ ಲೆಕ್ಕಕ್ಕೆ ಬರುತ್ತೆ," ಎಂದು ಇವರು ರೇಗುತ್ತಿದ್ದರು.

ರೇಗುವುದಕ್ಕೆ ಕಾರಣವಿತ್ತು. ಆತ ಚರ್ಚಿನ ಹೊಸ್ತಿಲು ತುಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ತುಳಿಯುತ್ತಿದ್ದ, ಒಳ್ಳೆಯ ದನಿಯಲ್ಲಿ ಹಾಡುತ್ತಲೂ ಇದ್ದ. ಆಮೇಲೆ ಅವನ ತಮ್ಮ ತನ್ನ ಕೈಯಾರೆ ಜೀವ ಕಳೆದುಕೊಂಡ. ಆಗಿದ್ದ ಗುರುಗಳು ಹಳೆಯ ಕಾಲದವರು, ಶವಪೆಟ್ಟಿಗೆಯನ್ನು ಒಳಗೆ ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಗೇಟಿನ ಹೊರಗೆ, ಗಿಡ್ಡ ಕಾಂಪೌಂಡ್ ಗೋಡೆಯ ಮೇಲೆ ಕಾದಿತ್ತು. ಅಣ್ಣ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಕೊನೆಗೆ ಪ್ರಾರ್ಥನೆಯಿಲ್ಲದೆ ಊರಾಚೆಯ ಜಾಗದಲ್ಲಿ ಮಣ್ಣು ಮಾಡಿದರು. ಮನೆಗೆ ಬಂದ ಮೇಲೆ ಆತ ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: "ನೀನೇನಂತೀಯ?"

"ನಿಯಮ ಅಂದ್ಮೇಲೆ ನಿಯಮ ಅಲ್ವೇನ್ರೀ," ಅಂದಿದ್ದರು ಟೀಚರಮ್ಮ. ಆಗ ಅವರಿಗೆ ಚಿಕ್ಕ ವಯಸ್ಸು, ಪಾಠ ಹೇಳಲು ಶುರು ಮಾಡಿದ ಹೊಸತು, ಎಲ್ಲದಕ್ಕೂ ಉತ್ತರ ಬಾಯಿಪಾಠವಾಗಿತ್ತು.

ಆತ ಜಗಳವಾಡಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ, ಗೇಟಿನ ಹತ್ತಿರ ಇಳಿಸಿದ, ತಮ್ಮನ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲೇ ಗೋಡೆಯ ಮೇಲೆ ಕೂತ. ಪೂಜೆ ಮುಗಿದು, ಧರ್ಮೋಪದೇಶ ಮುಗಿದು, ಇವರು ಹೊರಗೆ ಬರುವವರೆಗೆ ಸಿಗರೇಟು ಸೇದುತ್ತಾ ಅಲ್ಲೇ ಇದ್ದ. ಅದರ ಮುಂದಿನ ಭಾನುವಾರವೂ ಅಷ್ಟೇ. ಮಗಳು ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಹೋದರೂ ಅಷ್ಟೇ. "ಒಳಗೆ ಬನ್ರೀ" ಎಂದು ಇವರು ಕರೆಯುವುದು, "ನನ್ನ ಪಾಲಿಂದೂ ನೀನೇ ಕೇಳ್ಕೊಂಡು ಬಾ" ಎಂದು ಆತ ಅನ್ನುವುದು, ಇಬ್ಬರಿಗೂ ಅದು ಚಪ್ಪಲಿ ಕಳಚಿಡುವಷ್ಟು ಅಭ್ಯಾಸವಾಗಿಬಿಟ್ಟಿತು. ಭಾನುವಾರದ ಪೂಜೆಯನ್ನು ಬೇಕೆಂದೇ ತಪ್ಪಿಸಿದರೆ ಅದು ಮಾರಕ ಪಾಪ, ಪಶ್ಚಾತ್ತಾಪವಿಲ್ಲದೆ ಸತ್ತರೆ ನೇರ ನರಕ, ಎಂದು ಒಳಗೆ ಹಾಲಿನಲ್ಲಿ ಟೀಚರಮ್ಮ ಹೇಳಿಕೊಡುತ್ತಿದ್ದರು. ಹಾಲಿನ ಕಿಟಕಿಯಿಂದ ನೋಡಿದರೆ ಗೋಡೆಯ ಮೇಲೆ ಕೂತ ಗಂಡನ ಬೆನ್ನು ಕಾಣುತ್ತಿತ್ತು. ವಯಸ್ಸಾಗಲಿ, ಒಂದು ದಿನ ಒಳಗೆ ಬಂದೇ ಬರುತ್ತಾರೆ, ಕೊನೆಗೆ ಗುರುಗಳನ್ನು ಕರೆಸಿದರಾಯಿತು ಎಂದು ಅವರು ಧೈರ್ಯ ತಂದುಕೊಂಡಿದ್ದರು.

ಆ ಕೊನೆಯಲ್ಲೇ ಎಡವಿದ್ದು.

ಆತನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದ ಮನುಷ್ಯ ಮೊದಲ ಸಲ ಹೆದರಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಡಾಕ್ಟರು ಬಂದಾಗೆಲ್ಲ ಹೆಂಡತಿಯ ಸೆರಗು ಹಿಡಿದುಕೊಳ್ಳುತ್ತಿದ್ದ. ಈಗಿನ ಗುರುಗಳು ತಾವಾಗಿಯೇ ಫೋನ್ ಮಾಡಿ, "ಟೀಚರಮ್ಮ, ಅಭ್ಯಂಗ ಕೊಡೋಕೆ ಇವತ್ತೇ ಬರ್ಲಾ?" ಎಂದು ಕೇಳಿದರು. ನಮ್ಮ ಮನೆಗಳಲ್ಲಿ ಸಾಯುವವರ ಹಣೆಗೆ ಹಚ್ಚುವ ಎಣ್ಣೆಯ ಡಬ್ಬಿ ಹಿಡಿದು ಗುರುಗಳು ಬಂದರೆ ಏನರ್ಥ ಎಂದು ರೋಗಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಲ್ಲಿ ಗುರುಗಳ ಬಿಳಿ ನಿಲುವಂಗಿ ಕಂಡರೆ ಸಾಕು, ಈತನ ಎದೆ ಅಲ್ಲೇ ಒಡೆಯುತ್ತದೆ ಎಂದು ಟೀಚರಮ್ಮನಿಗೆ ಅನ್ನಿಸಿತು.

"ಇವತ್ತು ಬೇಡ ಫಾದರ್. ಸ್ವಲ್ಪ ಚೇತರಿಸಿಕೊಳ್ಳಲಿ, ನಾಳೆ ಬನ್ನಿ," ಅಂದರು.

ಆ ಸಂಜೆಯೇ ಆತ ಹೊರಟುಹೋದ.

ಸಾವಿನ ಮನೆಯಲ್ಲಿ ಟೀಚರಮ್ಮ ಅಳಲಿಲ್ಲ. ಗಟ್ಟಿ ಹೆಂಗಸು, ವಿಶ್ವಾಸ ಅಂದರೆ ಹೀಗಿರಬೇಕು ಎಂದು ಜನ ಹೊಗಳಿದರು. ಗಟ್ಟಿತನವೂ ಅಲ್ಲ, ವಿಶ್ವಾಸವೂ ಅಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟಾಗ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಇಡೀ ಮೈ ಹಾಗಿತ್ತು. ಊಟ ಮಾಡುತ್ತಿದ್ದರು, ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ಹೊಲಿಯುತ್ತಿದ್ದರು, ಒಂದು ಸಲ ಎಡತೋಳನ್ನು ಬಲಕ್ಕೆ ಜೋಡಿಸಿ ಇಸ್ತ್ರಿಯನ್ನೂ ಮಾಡಿ ಮಡಿಸಿಟ್ಟಿದ್ದರು. ನರ್ಸ್ ಆಗಿದ್ದ ಮಗಳು ರಜೆ ಸಿಕ್ಕಾಗ ಬಂದು, ಕಪಾಟಿನಿಂದ ಅಪ್ಪನ ಅಂಗಿಗಳನ್ನು ತೆಗೆದು ಒಂದೊಂದನ್ನೂ ಮೂಸಿ ನೋಡಿ ಅತ್ತಳು. ಟೀಚರಮ್ಮ ಪಕ್ಕದಲ್ಲಿ ಕೂತು ಗುಂಡಿ ಕಿತ್ತುಹೋದ ಅಂಗಿಗಳನ್ನು ಬೇರೆ ಮಾಡುತ್ತಿದ್ದರು.

"ಅಮ್ಮಾ, ಒಂದ್ಸಲ ಅತ್ತುಬಿಡಮ್ಮ. ಹೀಗೆ ಕಲ್ಲಿನ ಥರ ಕೂತ್ಕೋಬೇಡ," ಅಂದಳು ಮಗಳು.

"ಬಂದ್ರೆ ಅಳ್ತೀನಿ ಕಣೇ. ಬರ್ತಿಲ್ಲ," ಅಂದರು.

ಪ್ರಾರ್ಥನೆಯೂ ಬರುತ್ತಿರಲಿಲ್ಲ. ಜಪಸರ ಕೈಯಲ್ಲಿ ಹಿಡಿದರೆ ಮಣಿ ಸರಿಯುತ್ತಿತ್ತು, ಬಾಯಿ ಅಲ್ಲಾಡುತ್ತಿತ್ತು. ಆದರೆ ಯಾರಿಗಾಗಿ ಎಂದು ಕೇಳಿಕೊಂಡರೆ ಕೈ ನಿಂತುಬಿಡುತ್ತಿತ್ತು. ಸ್ವರ್ಗದಲ್ಲಿರುವವರಿಗೆ ಪ್ರಾರ್ಥನೆ ಬೇಕಿಲ್ಲ. ಸ್ವರ್ಗಕ್ಕೆ ಮುಂಚೆ ಶುದ್ಧೀಕರಣ ಸ್ಥಳದಲ್ಲಿ ಕಾಯುವವರಿಗೆ ಬೇಕು. ನರಕದಲ್ಲಿರುವವರಿಗೆ ಪ್ರಾರ್ಥಿಸಿ ಪ್ರಯೋಜನವಿಲ್ಲ. ಇವೆಲ್ಲ ಅವರೇ ಮಕ್ಕಳ ಬಾಯಲ್ಲಿ ಹೇಳಿಸಿದ ಉತ್ತರಗಳು. ಪೂಜೆ ಬಿಟ್ಟದ್ದು, ಬೇಕೆಂದೇ ಬಿಟ್ಟದ್ದು, ಪಾಪನಿವೇದನೆ ಇಲ್ಲದ್ದು, ಅಭ್ಯಂಗ ಇಲ್ಲದ್ದು: ಕತ್ತರಿಸಿಟ್ಟ ಬಟ್ಟೆಯ ತುಂಡುಗಳಂತೆ ಎಲ್ಲ ಒಂದಕ್ಕೊಂದು ಸರಿಯಾಗಿ ಕೂಡುತ್ತಿದ್ದವು. ಎಲ್ಲೂ ಒಂದು ನೂಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲ. ಗಂಡ ನರಕದಲ್ಲಿದ್ದಾನೆ ಎಂದು ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ. ಇಲ್ಲ ಅನ್ನಬೇಕಾದರೆ ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನು? ಈ ಎರಡರ ನಡುವೆ ಸಿಕ್ಕಿಕೊಂಡು ಅವರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗಿದ್ದರು.

ಒಂದು ದಿನ ಗುರುಗಳ ಕೋಣೆಗೆ ಹೋದರು. ಈಗಿನ ಗುರುಗಳು ಮಗಳ ಓರಗೆಯವರು, ಕುರ್ಚಿ ಎಳೆದು ಕೊಟ್ಟು, ತಾವೇ ಎದ್ದು ಫ್ಯಾನ್ ಹಾಕಿದರು.

"ಫಾದರ್, ಒಂದೇ ಮಾತು ಹೇಳಿ. ನಮ್ಮೆಜಮಾನ್ರು ಎಲ್ಲಿದ್ದಾರೆ?"

ಗುರುಗಳು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ನರಕ ಇದೆ ಅಂತ ಧರ್ಮಸಭೆ ಹೇಳುತ್ತೆ ಟೀಚರಮ್ಮ. ಆದ್ರೆ ಇಂಥವರು ಅಲ್ಲಿದ್ದಾರೆ ಅಂತ ಯಾರ ಹೆಸರನ್ನೂ ಹಿಡಿದು ಇವತ್ತಿನವರೆಗೂ ಹೇಳಿಲ್ಲ."

"ಸಭೆ ಹೇಳಿಲ್ಲದೆ ಇರಬಹುದು. ನಾನು ಹೇಳಿದೀನಲ್ಲ ಫಾದರ್. ಪ್ರತಿ ವರ್ಷ ಹೇಳಿದೀನಿ."

"ಕೊನೇ ಗಳಿಗೇಲಿ ಅವರ ಮನಸ್ಸಲ್ಲಿ ಏನಿತ್ತೋ ನಮಗೇನು ಗೊತ್ತು? ಒಂದು ಕ್ಷಣದ ಪಶ್ಚಾತ್ತಾಪ ಸಾಕು ದೇವರಿಗೆ."

"ಪಕ್ಕದಲ್ಲೇ ಇದ್ದೆ. 'ಅಂಗಡೀಲಿ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿದಾರಾ ಕೇಳು' ಅಂದ್ರು. ಅದೇ ಕೊನೇ ಮಾತು. ಅವರ ಮನಸ್ಸಲ್ಲಿ ಸಿಲಿಂಡರ್ ಇತ್ತು ಫಾದರ್."

ಗುರುಗಳಿಗೆ ನಗು ಬಂತೋ ಏನೋ, ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, ಆತನ ತಮ್ಮನ ವಿಷಯ ತೆಗೆದರು. ಈಗ ಹಾಗೆ ಯಾರನ್ನೂ ಹೊರಗಿಡುವುದಿಲ್ಲ, ಅಂಥವರಿಗೂ ಪೂಜೆ ಮಾಡುತ್ತೇವೆ, ಪ್ರಾರ್ಥಿಸುತ್ತೇವೆ, ನಿಯಮ ಬದಲಾಗಿದೆ ಅಂದರು.

"ಹಾಗಾದ್ರೆ ಹಳೇ ನಿಯಮದಲ್ಲಿ ಹೋದವರನ್ನ ವಾಪಸ್ ಕರೆಸ್ಕೊಂಡ್ರಾ?" ಎಂದು ಕೇಳಿದರು ಟೀಚರಮ್ಮ. ವ್ಯಂಗ್ಯಕ್ಕಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

ಗುರುಗಳು ಎದ್ದು ಒಂದು ಲೋಟ ನೀರು ತಂದುಕೊಟ್ಟರು. ಪಾಪ, ಒಳ್ಳೆಯ ಹುಡುಗ. ಈ ವರ್ಷ ಪಾಠ ಬೇರೆ ಯಾರಾದರೂ ಮಾಡಲಿ, ನೀವು ಸುಧಾರಿಸಿಕೊಳ್ಳಿ ಅಂದರು. ಮನೆಯಲ್ಲಿ ಕೂತು ಸುಧಾರಿಸಿಕೊಳ್ಳುವುದು ಏನನ್ನು ಎಂದು ಗೊತ್ತಾಗದೆ ಟೀಚರಮ್ಮ ಒಪ್ಪಲಿಲ್ಲ.

ಹಾಗಾಗಿ ಆ ಸಲವೂ ಮೇಣದಬತ್ತಿಯ ಭಾನುವಾರ ಬಂತು. ಮಕ್ಕಳು ಸಾಲಾಗಿ ನಿಂತು, ಬೆರಳು ಹಿಡಿದು, 'ಸ್' ಎಂದು ಎಳೆದುಕೊಂಡು, ಬೆಂಚಿಗೆ ವಾಪಸಾದವು. ಟೀಚರಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದರು. ಪ್ರತಿ ವರ್ಷದ ಅದೇ ಮಾತು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿತು. ಆಮೇಲೆ ತಮ್ಮ ಬೆರಳನ್ನು ಜ್ವಾಲೆಗೆ ಹಿಡಿದರು.

ಹಿಡಿದವರು ಕಿಟಕಿಯಾಚೆ ನೋಡಿದರು. ಗೋಡೆ ಖಾಲಿಯಿತ್ತು. ಅಲ್ಲಿ ಬೆನ್ನು ಇರಬೇಕಿತ್ತು, ಇರಲಿಲ್ಲ. ಆ ಜಾಗದಲ್ಲಿ ಗಾರೆ ಸವೆದು ನುಣುಪಾಗಿತ್ತು. ಎಷ್ಟು ಕೂತರೆ ಗಾರೆ ಸವೆಯುತ್ತದೆ ಎಂದು ಅವರು ಯೋಚಿಸುತ್ತಿದ್ದರು. ಜಡ್ಡು ಇರುವುದು ಬೆರಳ ತುದಿಯಲ್ಲಿ ಮಾತ್ರ. ಜ್ವಾಲೆ ವಾಲಿ ಪಕ್ಕದ ಮೆತ್ತನೆಯ ಚರ್ಮಕ್ಕೆ ಹತ್ತಿತ್ತು. ಅವರಿಗೆ ತಿಳಿಯಲೇ ಇಲ್ಲ. ಹಾಲ್ ತುಂಬ ಸುಟ್ಟ ವಾಸನೆ ಬಂತು.

"ಟೀಚರ್, ಕೈ! ಟೀಚರ್!"

ಮುಂದಿನ ಬೆಂಚಿನಿಂದ ಒಂದು ಹುಡುಗಿ ಹಾರಿ ಬಂದು ಮೇಣದಬತ್ತಿಯನ್ನು ಉಫ್ ಎಂದು ಆರಿಸಿಬಿಟ್ಟಳು. ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದ ಹುಡುಗಿ ಅದು. ಒಂದು ಕಡೆ ಕೂರದ, ಬಾಯಿಗೆ ಬೀಗವಿಲ್ಲದ ಪೋರಿ. ಪಾಠದ ನಡುವೆ ಎದ್ದದ್ದಕ್ಕೆ ಈಗ ಬೈಗುಳ ಗ್ಯಾರಂಟಿ ಎಂದುಕೊಂಡು ಅವಳು ಮುಖ ಸಣ್ಣಗೆ ಮಾಡಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು.

ಟೀಚರಮ್ಮ ಬೆರಳನ್ನು ನೋಡಿಕೊಂಡರು. ಚರ್ಮ ಬೆಳ್ಳಗೆ ಎದ್ದು ಬೊಬ್ಬೆ ಬರುತ್ತಿತ್ತು. ಯಾರದೋ ಬೆರಳನ್ನು ನೋಡಿದಂತಿತ್ತು.

"ಯಾಕೆ ಆರಿಸಿದೆ?" ಎಂದು ಕೇಳಿದರು.

"ನಂಗೆ ನೋಡೋಕಾಗ್ಲಿಲ್ಲ ಟೀಚರ್."

ಟೀಚರಮ್ಮ ಮಕ್ಕಳನ್ನೆಲ್ಲ ಬೇಗ ಮನೆಗೆ ಕಳಿಸಿದರು. ಆ ವಾರವೆಲ್ಲ ಪಟ್ಟಿ ಸುತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಯಂತ್ರ ತುಳಿದರು. ಹುಡುಗಿಯ ಮಾತು ತಲೆಯಿಂದ ಇಳಿಯಲಿಲ್ಲ. ಮೂಗು ಒರೆಸಿಕೊಳ್ಳಲು ಬಾರದ ಒಂದು ಮಗುವಿಗೆ, ದಿನಾ ಗದರಿಸುವ ಟೀಚರಿನ ಬೆರಳು ಸುಡುವುದನ್ನು ನೋಡಲಾಗಲಿಲ್ಲ. ಹಾಗಾದರೆ ಮೇಲಿರುವವನು? ಇಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು. ಮುಂದಕ್ಕೆ ಹೋಗಲು ಅವರಿಗೆ ಭಯ. ನನ್ನ ಸಮಾಧಾನಕ್ಕಾಗಿ ದೇವರನ್ನು ನನಗೆ ಬೇಕಾದ ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದೇನೇನೋ ಎಂಬ ಅನುಮಾನ.

ಮುಂದಿನ ಭಾನುವಾರ ಬಸ್ಸಿಳಿದು, ತಲೆಗೆ ಬಟ್ಟೆ ಹೊದ್ದು, ಗೇಟಿನವರೆಗೆ ಬಂದರು. ಜನ ಒಳಗೆ ಹೋಗುತ್ತಿದ್ದರು. ಟೀಚರಮ್ಮ ಹೋಗಲಿಲ್ಲ. ಹಟವಲ್ಲ, ಸಿಟ್ಟಲ್ಲ, ಕಾಲು ಗೋಡೆಯ ಹತ್ತಿರ ನಿಂತಿತು, ಅವರು ಕೂತರು. ಸವೆದ ಜಾಗ ಒಬ್ಬ ಮನುಷ್ಯನಿಗೆ ಸರಿಯಾಗಿತ್ತು. ಒಳಗೆ ಹಾಡು ಶುರುವಾಯಿತು. ಈಗಲಾದರೂ ಎದ್ದು ಹೋಗಬಹುದು ಎಂದುಕೊಂಡರು. ವಾಚನ ಮುಗಿಯಿತು, ಪ್ರಬೋಧನೆ ಶುರುವಾಯಿತು. ಇನ್ನು ಹೋದರೂ ಲೆಕ್ಕಕ್ಕಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಬೇಕೆಂದೇ ತಪ್ಪಿಸಿದ್ದಾಯಿತು.

ಗೇಟಿನ ಆಚೆ ಬದಿಯಲ್ಲಿ ಮೇಣದಬತ್ತಿ ಮಾರುವ ಮುದುಕಿ ತನ್ನ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದಳು. ವರ್ಷಗಳಿಂದ ಅದೇ ಜಾಗ. ಟೀಚರಮ್ಮನನ್ನು ಅಲ್ಲಿ ಕಂಡು ಹುಬ್ಬೇರಿಸಿ, ಮತ್ತೆ ಬತ್ತಿಗಳನ್ನು ಜೋಡಿಸತೊಡಗಿದಳು.

ಒಳಗೆ ಗಂಟೆ ಹೊಡೆಯಿತು. ರೊಟ್ಟಿಯನ್ನು ಎತ್ತಿ ತೋರಿಸುವ ಹೊತ್ತು, ಎಲ್ಲರೂ ಮಂಡಿಯೂರುವ ಹೊತ್ತು. ಗೋಡೆಯ ಮೇಲೆ ಕೂತಿದ್ದ ಟೀಚರಮ್ಮ ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತುಬಿಟ್ಟರು.

ಮುದುಕಿ ನಕ್ಕಳು. "ನಿಮ್ಮೆಜಮಾನ್ರೂ ಹೀಗೇ ಟೀಚರಮ್ಮ. ಗಂಟೆ ಕೇಳಿದ ಕೂಡ್ಲೇ ಸಿಗರೇಟು ಆರಿಸಿ ಎದ್ದು ನಿಲ್ಲೋರು. ಎರಡನೇ ಗಂಟೆ ಆದ್ಮೇಲೆ ಕೂತು, ಅದೇ ತುಂಡನ್ನ ಮತ್ತೆ ಹಚ್ಚೋರು."

"ನಮ್ಮನೆಯವ್ರಾ?"

"ಹೂಂ ಮತ್ತೆ. ಒಂದು ಭಾನುವಾರನೂ ತಪ್ಪಿಸಿಲ್ಲ. ನಾನೇ ಒಂದ್ಸಲ ರೇಗಿಸ್ದೆ, 'ಏನಣ್ಣಾ, ಹೊರಗಿದ್ದೇ ದೇವರಿಗೆ ಮರ್ಯಾದೆನಾ?' ಅಂತ. 'ದೇವರಿಗೆಲ್ಲ ಅಲ್ಲಮ್ಮ. ಒಳಗೆ ನನ್ನ ಹೆಂಡ್ತಿ ಮಂಡಿಯೂರಿರ್ತಾಳೆ. ಅವಳಿಗೆ ಮಂಡಿನೋವು ಬೇರೆ. ಅವಳು ಅಲ್ಲಿ ನೋಯಿಸ್ಕೊಳ್ವಾಗ ನಾನಿಲ್ಲಿ ಕಾಲ್ಮೇಲೆ ಕಾಲು ಹಾಕ್ಕೊಂಡು ಹೊಗೆ ಬಿಟ್ರೆ ಚೆನ್ನಾಗಿರಲ್ಲ' ಅಂದ್ರು."

ಟೀಚರಮ್ಮ ಮತ್ತೆ ಕೂತರು. ದೇವರಿಗಾಗಿ ಎಂದಿದ್ದರೆ ಅದನ್ನು ಒಂದು ಪ್ರಾರ್ಥನೆ ಎಂದು ಲೆಕ್ಕ ಹಿಡಿಯಬಹುದಿತ್ತು. ಹೆಂಡತಿಯ ಮಂಡಿನೋವಿಗಾಗಿ ಎದ್ದು ನಿಂತದ್ದಕ್ಕೆ ಅವರು ಕಲಿಸಿದ ಪ್ರಶ್ನೋತ್ತರಗಳಲ್ಲಿ ಜಾಗವೇ ಇರಲಿಲ್ಲ. ಯಾವ ಖಾನೆಗೂ ಅದು ಸೇರುವುದಿಲ್ಲ. ಗೋಡೆಗೆ ಕೈ ಊರಿದ್ದಕ್ಕೋ ಏನೋ, ಸುಟ್ಟ ಬೆರಳು ಆ ವಾರದಲ್ಲಿ ಮೊದಲ ಸಲ ಚುಳ್ ಎಂದಿತು. ಆಮೇಲೆ ಉರಿ ನಿಲ್ಲಲಿಲ್ಲ.

ಪೂಜೆ ಮುಗಿದು ಜನ ಹೊರಗೆ ಬಂದರು. ಕೆಲವರು ನೋಡಿ, ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಮುಂದೆ ಹೋದರು. ಪಟಾಕಿ ಮಾತ್ರ ನೇರ ಓಡಿ ಬಂದು ಎದುರಿಗೆ ನಿಂತಳು.

"ಟೀಚರ್, ನೀವು ಒಳಗೇ ಬರ್ಲಿಲ್ಲ."

"ಇಲ್ಲ."

"ಜ್ವರ ಇತ್ತಾ? ಜ್ವರ ಇದ್ರೆ ಪಾಪ ಅಲ್ಲ ಅಲ್ವಾ?"

"ಇರಲಿಲ್ಲ ಕಣೇ. ಹುಷಾರಾಗೇ ಇದ್ದೆ."

ಹುಡುಗಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹಾಗಾದ್ರೆ ಅದು ದೊಡ್ಡ ಪಾಪ ಆಗೋಯ್ತಲ್ಲ. ಈಗ ನೀವು ಅಲ್ಲಿಗೆ ಹೋಗ್ತೀರಾ?"

"ಹೋಗ್ಬೇಕಾದ್ರೆ ಹೋಗ್ತೀನಿ," ಅಂದರು ಟೀಚರಮ್ಮ. "ನಮ್ಮನೆಯವ್ರು ಅಲ್ಲಿದಾರೇನೋ ನೋಡ್ತೀನಿ. ಇದ್ರೆ ಕರ್ಕೊಂಡು ಬರ್ತೀನಿ."

"ಅಲ್ಲಿಂದ ಯಾರೂ ವಾಪಸ್ ಬರಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು!"

"ಹೌದು, ನಾನೇ ಹೇಳ್ಕೊಟ್ಟಿದ್ದು..."

ಸಾವಿನ ಮನೆಯಲ್ಲಿ ಬರದಿದ್ದ ಅಳು, ಮಗಳೆದುರು ಬರದಿದ್ದ ಅಳು, ನಡುಬೀದಿಯಲ್ಲಿ, ಜನರ ಎದುರಿಗೆ, ಗೋಡೆಯ ಮೇಲೆ ಕೂತಲ್ಲೇ ಬಂತು. ಬಾಯಿಗೆ ಸೆರಗು ಒತ್ತಿ ಹಿಡಿದರೂ ದನಿ ಹೊರಗೆ ಬಂತು. ಪಟಾಕಿಗೆ ಏನು ಮಾಡಬೇಕೋ ತೋಚಲಿಲ್ಲ. ಟೀಚರಿಗೆ ನೋಯುತ್ತಿರುವುದು ಬೆರಳೇ ಇರಬೇಕು ಎಂದುಕೊಂಡು, ಅವರ ಎಡಗೈ ಎಳೆದುಕೊಂಡು, ಪಟ್ಟಿಯ ಮೇಲೆ ಊದತೊಡಗಿದಳು.